ಎಣ್ಣೆ ಹೊಡೆಯುವ ಮೊದಲು ಗಿಡ ಸೀಳಿ ನೋಡಿ

ಬೆಳೆರೋಗ ಪ್ರಶ್ನೋತ್ತರ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಓದುಗರಿಗೆ

ಈ ಸಲದ ಪತ್ರಗಳಲ್ಲಿ ಕಬ್ಬಿನದೇ ಸಿಂಹಪಾಲು. ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ನೆಲದಿಂದ ಬೇರೇನು ಬಂದೀತು! ಆದರೆ ಬೆಳೆ ಯಾವುದೇ ಇರಲಿ, ಹೆಚ್ಚಿನ ಪತ್ರಗಳ ಕೊನೆಯ ಸಾಲು ಒಂದೇ: "ಯಾವ ಎಣ್ಣೆ ಹೊಡೀಬೇಕು ತಿಳಿಸ್ರಿ." ಔಷಧದ ಹೆಸರು ಬರೆದು ಕಳಿಸುವುದು ನನಗೆ ಸುಲಭ. ಆದರೆ ಬೀಜ ಎಲ್ಲಿಂದ ತಂದಿರಿ, ನೀರು ಎಲ್ಲಿ ನಿಂತಿತ್ತು, ಹೋದ ವರ್ಷ ಆ ಹೊಲದಲ್ಲಿ ಏನಿತ್ತು ಎಂಬುದನ್ನು ಬಹಳ ಜನ ಬರೆದೇ ಇಲ್ಲ. ರೋಗದ ಜಾತಕ ಇರುವುದು ಅದರಲ್ಲೇ.

ನಮ್ಮದು ಹೊಳಿಸಾಲಿನ ಹೊಲ. ಮಳೆಗಾಲದಾಗ ವಾರಗಟ್ಟಲೆ ನೀರು ನಿಂತಿತ್ತು. ನೀರು ಇಳಿದ ಮ್ಯಾಲೆ ಕಬ್ಬು ಚಲೋನ ಇತ್ತು, ಈಗ ಅಲ್ಲಲ್ಲಿ ಒಣಗಾಕ ಹತ್ತೈತಿ. ಸೀಳಿದ್ರ ಒಳಗ ಕೆಂಪ ಕಾಣ್ತೈತಿ. ಅಂಗಡಿಯವರು ಕೆಂಪು ಕೊಳೆ ರೋಗ ಅಂತ ಔಷಧ ಕೊಟ್ರು. ಎರಡು ಸಲ ಹೊಡದೀವಿ, ಗುಣ ಕಾಣವಲ್ದು.
*ಕಬ್ಬು ಬೆಳೆಗಾರರು, ಜಮಖಂಡಿ ತಾಲೂಕು*

ಸೀಳಿ ನೋಡಿದಿರಲ್ಲ, ಅರ್ಧ ಕೆಲಸ ಆಯಿತು. ಇನ್ನರ್ಧ ಉಳಿದಿದೆ. ಒಳಗೆ ಕೆಂಪಾಗಿದ್ದೆಲ್ಲ ಕೆಂಪು ಕೊಳೆ ರೋಗವಲ್ಲ.

ಬುಡದಿಂದ ಒಂದು ಕಬ್ಬು ಕಿತ್ತು ಉದ್ದಕ್ಕೆ ಸೀಳಿ, ಬೆಳಕಿಗೆ ಹಿಡಿಯಿರಿ. ಕೆಂಪು ಕೊಳೆಯಾಗಿದ್ದರೆ ತಿರುಳು ರಕ್ತಗೆಂಪಾಗಿ, ನಡುನಡುವೆ ಅಡ್ಡಕ್ಕೆ ಬಿಳಿ ಪಟ್ಟೆಗಳು ಇರುತ್ತವೆ. ಆ ಬಿಳಿ ಪಟ್ಟೆಯೇ ಗುರುತು. ಮೂಗಿನ ಹತ್ತಿರ ಹಿಡಿದರೆ ಹುಳಿತ ಹೆಂಡದ ವಾಸನೆ ಬಡಿಯುತ್ತದೆ. ಸೊರಗು ರೋಗವಾದರೆ ಬಿಳಿ ಪಟ್ಟೆ ಇರುವುದಿಲ್ಲ, ಹೆಂಡದ ವಾಸನೆಯೂ ಇಲ್ಲ. ತಿರುಳು ಮಾಸಲು ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಿ, ಗಣಿಕೆಯ ನಡುವೆ ದೋಣಿಯಾಕಾರದ ಪೊಳ್ಳು ಬಿದ್ದಿರುತ್ತದೆ. ಕಬ್ಬು ಕೈಗೆ ಹಗುರವಾಗುತ್ತದೆ. ನಿಮ್ಮ ವಿವರ ನೋಡಿದರೆ ನನ್ನ ಅನುಮಾನ ಸೊರಗು ರೋಗದ ಮೇಲೇ. ನೀರು ನಿಂತು ಉಸಿರು ಕಟ್ಟಿದ ಬೇರಿಗೆ ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ ನುಗ್ಗುತ್ತದೆ. ರೋಗ ಹೊರಗೆ ಕಾಣುವುದು ನೀರು ಇಳಿದು ಎಷ್ಟೋ ವಾರಗಳಾದ ಮೇಲೆ. 2019ರ ಆಗಸ್ಟ್‌ನಂಥ ನೆರೆ ಬಂದ ವರ್ಷ ನೀರು ಸರಿದ ಮೇಲೂ ಹೊಲದ ಕಡೆ ಕಣ್ಣಿಡಬೇಕಾದದ್ದು ಇದಕ್ಕೇ.

ಯಾವ ರೋಗವೇ ಆಗಿರಲಿ, ಎಲೆಗೆ ಹೊಡೆದ ಔಷಧ ಗಣಿಕೆಯೊಳಗಿನ ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಆ ದುಡ್ಡು ಹೋಯಿತು, ಮೂರನೆಯ ಸಲ ಹೊಡೆಯಬೇಡಿ. ಕಾರ್ಖಾನೆಯವರ ಜೊತೆ ಮಾತಾಡಿ ಆ ಪ್ಲಾಟನ್ನು ಆದಷ್ಟು ಬೇಗ ಕಟಾವು ಮಾಡಿಸಿ. ತಡವಾದಷ್ಟೂ ತೂಕ, ಸಕ್ಕರೆ ಅಂಶ ಎರಡೂ ಇಳಿಯುತ್ತವೆ. ಅಲ್ಲಿ ಕುಳೆ ಬಿಡಬೇಡಿ. ಆ ಹೊಲದ ಒಂದು ಕಣ್ಣನ್ನೂ ಬೀಜಕ್ಕೆ ಬಳಸಬೇಡಿ. ಬುಡ ಕಿತ್ತು ತೆಗೆದು ಒಂದು ವರ್ಷ ಸೋಯಾ, ಗೋವಿನಜೋಳ ಅಥವಾ ಹೆಸರಿನಂಥ ಬೇರೆ ಬೆಳೆ ಮಾಡಿ. ಬಸಿಗಾಲುವೆ ತೆಗೆಯದೆ ಮತ್ತೆ ಕಬ್ಬು ಹಚ್ಚಿದರೆ ಇದೇ ಪತ್ರ ಮತ್ತೆ ಬರೆಯಬೇಕಾಗುತ್ತದೆ.

ಕೆಂಪು ಕೊಳೆ ರೋಗದ ಬಗ್ಗೆ ಒಂದು ಮಾತು. ನಮ್ಮ ಬಯಲುಸೀಮೆಯಲ್ಲಿ ಅದರ ಹಾವಳಿ ಉತ್ತರ ಭಾರತದಷ್ಟಿಲ್ಲ. ಆದರೆ ಉತ್ತರ ಪ್ರದೇಶದಲ್ಲಿ ಆದದ್ದನ್ನು ನಾವು ಮರೆಯಬಾರದು. ಇಳುವರಿ, ಸಕ್ಕರೆ ಎರಡರಲ್ಲೂ ಮುಂದಿದ್ದ ಕೋ 0238 ತಳಿ ಅಲ್ಲಿನ ಬಹುಪಾಲು ಕಬ್ಬಿನ ಹೊಲಗಳನ್ನು ಆವರಿಸಿತು. ಕೆಂಪು ಕೊಳೆ ಆ ತಳಿಯ ರುಚಿ ಕಂಡುಕೊಂಡ ಮೇಲೆ ಹೊಲಕ್ಕೆ ಹೊಲವೇ ಒಣಗಿ, ಸರ್ಕಾರವೇ ಆ ತಳಿ ಬಿಡಿ ಎಂದು ಹೇಳಬೇಕಾಯಿತು. ನಮ್ಮ ಭಾಗದಲ್ಲೂ ಕೋ 86032 ಒಂದೇ ತಳಿಯ ಮೇಲೆ ಬಹಳ ಜನ ನಿಂತಿದ್ದೇವೆ. ಒಳ್ಳೆಯ ತಳಿ, ನಿಜ. ಆದರೂ ಊರಿಗೆಲ್ಲ ಒಂದೇ ತಳಿ ಎಂಬುದು ನನಗೆ ಸಮಾಧಾನ ಕೊಡುವ ಮಾತಲ್ಲ. ಎರಡು ಎಕರೆಗೆ ಒಂದು ತಳಿ ಇದ್ದರೆ ಇನ್ನೊಂದು ಎಕರೆಗೆ ಬೇರೆ ತಳಿ ಇರಲಿ. ಸಂಕೇಶ್ವರದ ಕಬ್ಬು ಸಂಶೋಧನಾ ಕೇಂದ್ರದ ತಳಿಗಳನ್ನು ಒಮ್ಮೆ ವಿಚಾರಿಸಿ.

ಪಕ್ಕದ ಹೊಲದವರ ಕಬ್ಬು ಚಲೋ ಐತಿ ಅಂತ ಬೀಜ ತಂದು ಹಚ್ಚಿದ್ವಿ. ಈಗ ಕೆಲವು ಗಡ್ಡ್ಯಾಗ ಸುಳಿ ಕರ್ರಗ ಚಾಟಿಗತೆ ಬಂದೈತಿ. ಇನ್ನ ಕೆಲವು ಕಡೆ ಹುಲ್ಲಿನಂಗ ಬೆಳ್ಳಗ ಮರಿ ಒಡದಾವ, ಕಬ್ಬ ಆಗವಲ್ದು. ಎರಡೂ ಒಂದೇ ರೋಗ ಏನ್ರಿ?
*ಮಹಾಲಿಂಗಪುರ ಹತ್ತಿರದ ಓದುಗರು*

ಎರಡು ಬೇರೆ ಬೇರೆ ರೋಗ. ಮನೆಗೆ ಬಂದದ್ದು ಮಾತ್ರ ಒಂದೇ ಗಾಡಿಯಲ್ಲಿ, ಬೀಜದ ಜೊತೆ.

ಚಾಟಿಯಂತೆ ಬಂದದ್ದು ಕಾಡಿಗೆ ರೋಗ. ಆ ಕರಿ ಪುಡಿಯೆಲ್ಲ ಶಿಲೀಂಧ್ರದ ಬೀಜಕಣ. ಚಾಟಿ ಹೊರಬಂದಾಗ ಅದರ ಮೇಲೆ ಬೆಳ್ಳಿಯಂಥ ತೆಳು ಪೊರೆ ಇರುತ್ತದೆ. ಪೊರೆ ಹರಿದ ದಿನದಿಂದ ಗಾಳಿಗೆ ಕಾಡಿಗೆ ತೂರುತ್ತದೆ. ಆದ್ದರಿಂದ ಪೊರೆ ಹರಿಯುವ ಮೊದಲೇ ಹೊಲದಲ್ಲಿ ಅಡ್ಡಾಡಬೇಕು. ಚಾಟಿಯ ಮೇಲೆ ಪ್ಲಾಸ್ಟಿಕ್ ಚೀಲ ಮೆಲ್ಲಗೆ ಇಳಿಸಿ, ಬಾಯಿ ಬಿಗಿದು, ಆಮೇಲೆ ಕೊಯ್ಯಿರಿ. ಹಿಂದೆಯೇ ಆ ಗಡ್ಡೆಯನ್ನು ಬೇರು ಸಮೇತ ಕಿತ್ತು ಹೊಲದ ಹೊರಗೆ ಸುಡಿ. ಚೀಲ ಹಾಕದೆ ಹಿರಿದು ಹೆಗಲ ಮೇಲೆ ಹೊತ್ತು ಹೊಲದ ತುಂಬ ನಡೆದರೆ, ತಿಳಿಯದೆ ನಾವೇ ರೋಗ ಬಿತ್ತಿದಂತೆ.

ಹುಲ್ಲಿನಂತೆ ಮರಿ ಒಡೆದದ್ದು ಹುಲ್ಲು ಜಡೆ ರೋಗ. ಇದಕ್ಕೆ ಕಾರಣ ಫೈಟೋಪ್ಲಾಸ್ಮಾ, ಅಂದರೆ ಗಿಡದ ಆಹಾರ ನಾಳದೊಳಗೇ ಬದುಕುವ ಅತಿ ಸೂಕ್ಷ್ಮ ಜೀವಿ. ಶಿಲೀಂಧ್ರನಾಶಕ ಇದಕ್ಕೆ ಲೆಕ್ಕಕ್ಕಿಲ್ಲ. ಹೊಲದಲ್ಲಿ ಇದನ್ನು ಗುಣಪಡಿಸುವ ಯಾವ ಔಷಧವೂ ಇಲ್ಲ. ಯಾರಾದರೂ ಇದೆ ಎಂದು ಬಾಟಲಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಗಡ್ಡೆ ಕಿತ್ತು ತೆಗೆಯುವುದೊಂದೇ ದಾರಿ. ಜಿಗಿಹುಳು ಇದನ್ನು ಗಿಡದಿಂದ ಗಿಡಕ್ಕೆ ಸಾಗಿಸುತ್ತದೆ, ಆದರೆ ಊರಿಂದ ಊರಿಗೆ ಸಾಗಿಸುವವರು ಬೀಜ ತರುವ ನಾವೇ.

"ಪಕ್ಕದವರ ಕಬ್ಬು ಚಲೋ ಇತ್ತು" ಎನ್ನುತ್ತೀರಿ. ನೋಡಲು ಚೆನ್ನಾಗಿರುವ ಕಬ್ಬಿನಲ್ಲೂ ಈ ಎರಡೂ ರೋಗ ಅಡಗಿ ಕೂತಿರಬಹುದು. ಬೀಜಕ್ಕೆಂದೇ ಬೆಳೆದ 8ರಿಂದ 10 ತಿಂಗಳ ಲಾವಣಿ ಕಬ್ಬೇ ಬೀಜವಾಗಬೇಕು, ಕುಳೆ ಅಲ್ಲ. ಅದರ ಮೂಲ ಬೀಜಕ್ಕೆ ಬಿಸಿಗಾಳಿ ಅಥವಾ ಹಬೆಯ ಉಪಚಾರ ಆಗಿರಬೇಕು. ಬಿಸಿಗಾಳಿಯಾದರೆ 54 ಡಿಗ್ರಿಯಲ್ಲಿ 4 ಗಂಟೆ. ಇದು ಮನೆಯ ಹಂಡೆಯಲ್ಲಿ ಆಗುವ ಕೆಲಸವಲ್ಲ, ಸಕ್ಕರೆ ಕಾರ್ಖಾನೆ ಅಥವಾ ಸಂಶೋಧನಾ ಕೇಂದ್ರ ಮಾಡಬೇಕಾದದ್ದು. ಕಾರ್ಖಾನೆಯ ಕಬ್ಬು ಅಧಿಕಾರಿಗಳನ್ನು ನೀವು ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ ಇದೇ: "ಈ ಬೀಜದ ತಾಯಿಪ್ಲಾಟ್ ಎಲ್ಲೈತಿ, ಉಪಚಾರ ಆಗೈತೇನು?" ಅಂಗಾಂಶ ಕೃಷಿಯ ಸಸಿಯಿಂದ ಸ್ವಂತ ಬೀಜದ ಪ್ಲಾಟ್ ಮಾಡಿಕೊಳ್ಳುವವರೂ ಇದ್ದಾರೆ. ಹತ್ತು ಗುಂಟೆ ಸಾಕು. ತುಂಡುಗಳನ್ನು ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ ದ್ರಾವಣದಲ್ಲಿ 15-20 ನಿಮಿಷ ಅದ್ದಿ ಹಚ್ಚುವುದನ್ನು ಮಾತ್ರ ಎಲ್ಲರೂ ಮನೆಯಲ್ಲೇ ಮಾಡಬಹುದು. ಅದು ತುಂಡಿನ ಮೇಲ್ಮೈಯ ಶಿಲೀಂಧ್ರ ತಡೆಯುತ್ತದೆ, ಹುಲ್ಲು ಜಡೆಯನ್ನು ಅಲ್ಲ.

ಕಾಡಿಗೆ ಹತ್ತು ಗಡ್ಡೆಗೆ ಒಂದರಂತೆ ಕಂಡರೆ ಕುಳೆಯ ಆಸೆ ಬಿಡಿ.

ಕುಳೆ ಕಬ್ಬು ಸುಳಿಯಿಂದ ಬೆಳ್ಳಗಾಗೈತಿ. ಯೂರಿಯಾ ಹಾಕಿದ್ವಿ, ಇನ್ನಷ್ಟು ಬೆಳ್ಳಗಾತು. ಏನ ರೋಗ ಇದು?
*ಮುಧೋಳ ತಾಲೂಕಿನ ಯುವ ರೈತ*

ತಮ್ಮಾ, ಇದು ರೋಗವೇ ಅಲ್ಲ. ಯೂರಿಯಾ ಕೊರತೆಯಾಗಿದ್ದರೆ ಹಳೆಯ ಎಲೆ, ಅಂದರೆ ಕೆಳಗಿನ ಎಲೆ ಮೊದಲು ಹಳದಿಯಾಗಬೇಕಿತ್ತು. ನಿಮ್ಮಲ್ಲಿ ಎಳೆ ಸುಳಿ ಬಿಳಿಚಿದೆ. ಎಲೆಯನ್ನು ಬೆಳಕಿಗೆ ಹಿಡಿದರೆ ನರ ಹಸಿರಾಗಿ, ನಡುವಿನ ಭಾಗ ಬಿಳಿಯಾಗಿ ಗೆರೆಗೆರೆ ಕಾಣುತ್ತದೆ. ಇದು ಕಬ್ಬಿಣದ ಕೊರತೆ. ಸುಣ್ಣದಂಶ ಹೆಚ್ಚಿರುವ ಎರೆ ಭೂಮಿಯಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಲೀಟರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕೂಡಿಸಿ ವಾರಕ್ಕೊಮ್ಮೆ ಎರಡು ಮೂರು ಸಲ ಸುಳಿ ತೊಯ್ಯುವಂತೆ ಸಿಂಪಡಿಸಿ. ಹೊಸ ಎಲೆ ಹಸಿರಾಗಿ ಬರುತ್ತದೆ.

ಆದರೆ ಹೊಲದಲ್ಲಿ ಬಿಸಿಲಿಗೆ ಬಿಳಿ ಉಪ್ಪು ಹೂತು ನಿಲ್ಲುತ್ತಿದ್ದರೆ ವಿಷಯ ಬೇರೆ. ಅದು ಸವಳು. ಘಟಪ್ರಭಾ ಕಾಲುವೆಯ ಕೆಳಗೆ, ಹೊಳೆಸಾಲಿನಲ್ಲಿ ಕಬ್ಬಿಗೆ ಮೇರೆ ಮೀರಿ ನೀರು ಬಿಟ್ಟು ಎಷ್ಟೋ ಚಿನ್ನದಂಥ ಎರೆ ಹೊಲ ಸವಳು-ಜವಳಾಗಿ ಹಾಳುಬಿದ್ದದ್ದು ನಿಮ್ಮ ಹಿರಿಯರಿಗೆ ಗೊತ್ತು. ಸವಳಿಗೆ ಸಿಂಪಡಿಸುವ ಔಷಧ ಇಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಬಸಿಗಾಲುವೆ ತೆಗೆಯಿರಿ, ನೀರು ಕಡಿಮೆ ಮಾಡಿ, ಹನಿ ನೀರಾವರಿಗೆ ಬನ್ನಿ. ಜಿಪ್ಸಂ ಹಾಕಬೇಕೋ ಬೇಡವೋ ಎಂಬುದು ಪರೀಕ್ಷೆಯ ಚೀಟಿ ನೋಡಿ ತೀರ್ಮಾನಿಸುವ ಮಾತು.

ಕಬ್ಬಿನ ಎಲಿ ಮ್ಯಾಲೆ ಕರೇ ಮಸಿ ಹತ್ತೈತಿ. ಶಿಲೀಂಧ್ರದ ಔಷಧ ಹೊಡೀಬೇಕೇನು?
*ರಬಕವಿ ಹತ್ತಿರದಿಂದ*

ಬೇಡ. ಎಲೆ ತಿರುವಿ ನೋಡಿ. ಕೆಳಗೆ ಬಿಳಿ ಹಿಂಜಿದ ಹತ್ತಿಯಂಥದು ಕಂಡರೆ ಅದು ಉಣ್ಣೆ ಹೇನು. ಅದು ಸುರಿಸುವ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು ಈ ಮಸಿ. ಹೇನು ಹೋದರೆ ಮಸಿ ತಾನೇ ಹೋಗುತ್ತದೆ. 2002ರಲ್ಲಿ ಮಹಾರಾಷ್ಟ್ರದ ಕಡೆಯಿಂದ ಬಂದ ಈ ಹೇನು ನಮ್ಮ ಜಿಲ್ಲೆಗಳ ಕಬ್ಬನ್ನು ನಡುಗಿಸಿದ್ದು ನೆನಪಿರಬಹುದು. ಆಗ ಹೊಡೆದ ವಿಷಕ್ಕೆ ಲೆಕ್ಕವಿಲ್ಲ. ಕಡೆಗೆ ಅದನ್ನು ಹದ್ದುಬಸ್ತಿಗೆ ತಂದದ್ದು ಡೈಫಾ, ಮೈಕ್ರೋಮಸ್ ಎಂಬ ಎರಡು ಹೇನು ತಿನ್ನುವ ಹುಳಗಳು. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಅವನ್ನು ಹೊಲಕ್ಕೆ ಬಿಡಿಸಿದರು, ರೈತರು ಒಬ್ಬರಿಂದ ಒಬ್ಬರು ಎಲೆ ಸಮೇತ ಒಯ್ದು ಬಿಟ್ಟರು. ಹೇನಿನ ನಡುವೆ ಕಂದು ಮರಿಹುಳ ಓಡಾಡುತ್ತಿದ್ದರೆ ಪಂಪಿಗೆ ಕೈ ಹಾಕಬೇಡಿ. ನಿಮ್ಮ ಕೆಲಸ ಅವು ಮಾಡುತ್ತಿವೆ.

ಅರಿಷಿಣದ ಗಡ್ಡಿ ಕೊಳ್ಯಾಕ ಹತ್ತೈತಿ. ಕಿತ್ತು ನೋಡಿದ್ರ ಒಳಗ ಬಿಳಿ ಹುಳ ಅದಾವ. ಹುಳದ ಔಷಧ ಬಿಟ್ಟೀವಿ, ಜೊತೀಗೆ ಕಾರ್ಬೆಂಡಜಿಮ್ ಸುರದೀವಿ. ರೋಗ ಮುಂದ ಮುಂದ ಹೊಂಟೈತಿ. ಮಗಳ ಮದವಿ ಈ ಬೆಳಿ ಮ್ಯಾಲೆ ಅದರಿ.
*ತೇರದಾಳ ಹತ್ತಿರದ ರೈತ ಮಹಿಳೆ*

ಅಕ್ಕಾರ, ಮೊದಲು ಇವತ್ತೇ ಮಾಡಬೇಕಾದದ್ದು ಹೇಳುತ್ತೇನೆ, ಕಾರಣ ಆಮೇಲೆ. ನೀರು ನಿಲ್ಲಿಸಿ. ರೋಗ ಬಿದ್ದ ಜಾಗದಿಂದ ನೀರು ಹರಿದು ಒಳ್ಳೆಯ ಸಾಲಿಗೆ ಹೋಗದಂತೆ ಮಣ್ಣು ಕಟ್ಟಿ. ಕೊಳೆತ ಗಿಡಗಳನ್ನು ಸುತ್ತಲಿನ ಮಣ್ಣಿನ ಸಮೇತ ಎತ್ತಿ ಹೊರಗೆ ಒಯ್ಯಿರಿ, ಬದುವಿನ ಮೇಲೆ ಒಗೆಯಬೇಡಿ. ಆ ಗುಂಡಿಗೂ ಸುತ್ತಲಿನ ಆರೋಗ್ಯದ ಗಿಡಗಳ ಬುಡಕ್ಕೂ ಮೆಟಲಾಕ್ಸಿಲ್-ಮ್ಯಾಂಕೋಜೆಬ್ ಕೂಡಿದ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಕರಗಿಸಿ ಬೇರು ತೊಯ್ಯುವಷ್ಟು ಸುರಿಯಿರಿ. ಅದು ಸಿಗದಿದ್ದರೆ ತಾಮ್ರದ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ. ಕೊಳೆತದ್ದು ಮರಳಿ ಬರುವುದಿಲ್ಲ. ಉಳಿದದ್ದು ಉಳಿಯುತ್ತದೆ.

ಈಗ ಕಾರಣ. ಗಡ್ಡೆ ಕೊಳೆ ರೋಗ ತರುವುದು ಪಿಥಿಯಂ. ನೋಡಲು ಶಿಲೀಂಧ್ರದಂತಿದ್ದರೂ ಅದರ ಕುಲವೇ ಬೇರೆ, ನೀರಿನಲ್ಲಿ ಈಜುವ ಬೀಜಕಣ ಅದರದು. ಅದಕ್ಕೇ ಮಳೆಗಾಲದಲ್ಲಿ, ತಗ್ಗಿನಲ್ಲಿ, ನೀರು ಹರಿದ ದಿಕ್ಕಿನಲ್ಲಿ ರೋಗ ಸಾಗುತ್ತದೆ. ಕಾರ್ಬೆಂಡಜಿಮ್ ಈ ಕುಲದ ಮೇಲೆ ಕೆಲಸ ಮಾಡುವುದೇ ಇಲ್ಲ. ನಿಮ್ಮ ಕೈಯಲ್ಲಿದ್ದ ಔಷಧ ಕೆಟ್ಟದ್ದಲ್ಲ, ರೋಗಾಣು ಬೇರೆಯಾಗಿತ್ತು.

ಹುಳದ ವಿಚಾರ: ಅದು ಗಡ್ಡೆ ನೊಣದ ಮರಿ. ಕೊಳೆತ ವಾಸನೆಗೆ ನೊಣ ಬಂದು ಮೊಟ್ಟೆ ಇಟ್ಟು ಹೋಗುತ್ತದೆ. ಸಾಮಾನ್ಯವಾಗಿ ಕೊಳೆ ಮೊದಲು, ಹುಳ ಆಮೇಲೆ. ಹುಳ ಕಣ್ಣಿಗೆ ಕಾಣುತ್ತದೆ, ಪಿಥಿಯಂ ಕಾಣುವುದಿಲ್ಲ, ಆದ್ದರಿಂದ ಅಪವಾದ ಹುಳದ ತಲೆಗೆ ಬರುತ್ತದೆ. ಪರೀಕ್ಷೆ ಸುಲಭ. ಎಲೆಯ ಅಂಚು ಈಗಷ್ಟೇ ಒಣಗಲು ಶುರುವಾದ ಗಿಡವೊಂದನ್ನು ಮೆಲ್ಲಗೆ ಜಗ್ಗಿ. ಬುಡ ನೀರು ಕುಡಿದಂತೆ ಮೆತ್ತಗಾಗಿ, ಗಿಡ ಗಡ್ಡೆ ಬಿಟ್ಟು ಕೈಗೆ ಬಂದರೆ ಕೊಳೆ ರೋಗ. ಆ ಹಂತದ ಗಿಡದಲ್ಲಿ ಹುಳ ಹುಡುಕಿ, ಹೆಚ್ಚಿನ ಸಲ ಸಿಗುವುದಿಲ್ಲ.

ಬರುವ ಹಂಗಾಮಿಗೆ: ಈ ಹೊಲದ ಗಡ್ಡೆಯನ್ನು ಬೀಜಕ್ಕೆ ಇಡಬೇಡಿ. ಸಾಂಗ್ಲಿ ಪೇಟೆಯಲ್ಲಿ ದರ ಏರಿದ ವರ್ಷ ಬೀಜದ ದರವೂ ಏರುತ್ತದೆ, ಆಗಲೇ ಕೆಟ್ಟ ಬೀಜ ಊರೂರು ತಿರುಗುವುದು. ಆರಿಸಿದ ಗಡ್ಡೆಯನ್ನು ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಆರಿಸಿ ಹಚ್ಚಿ. ಏರುಮಡಿ ಮಾಡಿ. ಟ್ರೈಕೋಡರ್ಮಾವನ್ನು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದಲ್ಲಿ ಬೆಳೆಸಿ ಮಡಿಗೆ ಕೊಡಿ. ಅದು ಜೀವಂತ ಶಿಲೀಂಧ್ರ, ರಾಸಾಯನಿಕ ಸುರಿದ ದಿನವೇ ಅದನ್ನು ಹಾಕಿದರೆ ಸತ್ತುಹೋಗುತ್ತದೆ. ಎರಡು ವಾರ ಅಂತರ ಇರಲಿ. ಅರಿಷಿಣದ ಮೇಲೆ ಅರಿಷಿಣ, ಅಥವಾ ಶುಂಠಿಯ ಮೇಲೆ ಅರಿಷಿಣ ಬೇಡವೇ ಬೇಡ.

ದಾಳಿಂಬಿಗೆ ತೇಲ್ಯಾ ಬಂದೈತಿ. ಹಣ್ಣು ನಕ್ಷತ್ರದಂಗ ಸೀಳಾಕ ಹತ್ಯಾವ. ಸ್ಟ್ರೆಪ್ಟೊಸೈಕ್ಲಿನ್ ಎಷ್ಟು ಸಲ ಹೊಡೀಬೇಕು?
*ಭಗವಾ ದಾಳಿಂಬೆ ಬೆಳೆಗಾರರು, ಬೀಳಗಿ ತಾಲೂಕು*

ಎಷ್ಟು ಸಲ ಎಂಬ ಪ್ರಶ್ನೆಗೆ ನನ್ನ ಉತ್ತರ: ಈಗಾಗಲೇ ಹೆಚ್ಚಾಗಿದೆ.

ತೇಲ್ಯಾ, ಅಂದರೆ ದುಂಡಾಣು ಅಂಗಮಾರಿಯನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 1952ರಲ್ಲಿ, ದಿಲ್ಲಿಯಲ್ಲಿ. ದಶಕಗಳ ಕಾಲ ಅದು ಪುಸ್ತಕದೊಳಗಿನ ರೋಗವಾಗಿಯೇ ಉಳಿದಿತ್ತು. 2000ದ ನಂತರ ಸೊಲ್ಲಾಪುರ, ವಿಜಯಪುರ, ಬಾಗಲಕೋಟೆ ಕಡೆ ದಾಳಿಂಬೆ ಒತ್ತೊತ್ತಾಗಿ ಹಬ್ಬಿದಾಗ ಬೆಂಕಿಯಾಯಿತು. ತೋಟಕ್ಕೆ ತೋಟವೇ ಕಡಿದು ಕಬ್ಬು ಹಚ್ಚಿದವರು ನಿಮ್ಮ ತಾಲೂಕಿನಲ್ಲೇ ಇದ್ದಾರೆ. ದುಂಡಾಣು ಎಲೆಯ ಮೇಲೆ ಎಣ್ಣೆ ಬಿದ್ದಂಥ ಚುಕ್ಕೆ ಮಾಡುತ್ತದೆ, ಕಡ್ಡಿಯ ಗಿಣ್ಣು ಕಪ್ಪಾಗಿ ಮುರಿಯುತ್ತದೆ, ಹಣ್ಣು ಬಿರಿಯುತ್ತದೆ. ಅದು ಹರಡುವ ದಾರಿ ಮೂರು: ಗೂಟಿ ಸಸಿ, ಚಾಟ್ನಿ ಮಾಡುವ, ಅಂದರೆ ಗಿಡ ಸವರುವ ಕತ್ತರಿ, ಮಳೆಹನಿಯ ಸಿಡಿತ. ಈ ಮೂರರಲ್ಲಿ ಯಾವುದನ್ನೂ ಸ್ಟ್ರೆಪ್ಟೊಸೈಕ್ಲಿನ್ ನಿಲ್ಲಿಸುವುದಿಲ್ಲ.

ಅದು ಆ್ಯಂಟಿಬಯಾಟಿಕ್. ವಾರಕ್ಕೊಮ್ಮೆ ಹೊಡೆದರೆ ದುಂಡಾಣುವೇ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮನುಷ್ಯರ ಕ್ಷಯರೋಗಕ್ಕೆ ಕೊಡುತ್ತ ಬಂದ ಸ್ಟ್ರೆಪ್ಟೊಮೈಸಿನ್ನೇ ಇದರ ಮುಖ್ಯ ಅಂಶ. ಬೆಳೆಗಳಿಗೆ ಇದರ ಬಳಕೆ ನಿಲ್ಲಿಸಬೇಕೆಂದು ಕೇಂದ್ರ ಕೃಷಿ ಇಲಾಖೆ 2021ರ ಡಿಸೆಂಬರ್‌ನಲ್ಲೇ ಕರಡು ಆದೇಶ ಹೊರಡಿಸಿತ್ತು.

ನಿಮ್ಮ ತೋಟ ಉಳಿಯಬೇಕಾದರೆ ಬಹಾರ, ಅಂದರೆ ಹೂ ಬಿಡಿಸುವ ಹಂಗಾಮು ಬದಲಿಸಿ. ಮೃಗ ಬಹಾರದಲ್ಲಿ ಹೂ, ಕಾಯಿ ಎಲ್ಲ ಮಳೆಗಾಲಕ್ಕೆ ಸಿಗುತ್ತವೆ, ರೋಗಕ್ಕೆ ಅದೇ ಹಬ್ಬ. ಮಳೆ ಹಿಂದೆಗೆದ ಮೇಲೆ ಹೂ ಬಿಡಿಸುವ ಹಸ್ತ ಬಹಾರದಲ್ಲಿ ಕಾಯಿ ಒಣ ಹವೆಯಲ್ಲಿ ಬೆಳೆಯುತ್ತದೆ. ದರದ ಲೆಕ್ಕ ಹಾಕಿ ಮೃಗ ಬಹಾರ ಹಿಡಿಯುವವರು ಔಷಧದ ಬಿಲ್ಲನ್ನೂ ಅದೇ ಲೆಕ್ಕದಲ್ಲಿ ಸೇರಿಸಲಿ. ಹಣ್ಣು ಕಿತ್ತ ಮೇಲೆ ಗಿಡಕ್ಕೆ ಮೂರು ನಾಲ್ಕು ತಿಂಗಳ ವಿಶ್ರಾಂತಿ ಕೊಡಿ. ರೋಗದ ಕಡ್ಡಿಯನ್ನು ಕಲೆಯಿಂದ ಎರಡು ಇಂಚು ಕೆಳಗೆ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಶೇಕಡ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ. ಚಾಟ್ನಿಗೆ ಬರುವ ಗುಂಪು ಬೆಳಿಗ್ಗೆ ಯಾರ ತೋಟದಲ್ಲಿತ್ತು ಎಂದು ಕೇಳಿ, ಕತ್ತರಿ ನೀವೇ ಕೊಡಿ. ಬಿದ್ದ ಎಲೆ, ಹಣ್ಣು ಗುಡಿಸಿ ಸುಡಿ. ಚಾಟ್ನಿಯ ನಂತರ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸಿ, ಅದನ್ನು ಮಾಡುವ ರೀತಿ ಮುಂದೆ ದ್ರಾಕ್ಷಿಯ ಉತ್ತರದಲ್ಲಿದೆ.

ದಾಳಿಂಬಿ ಗಿಡ ಒಂದೊಂದ ಒಣಗಾಕ ಹತ್ಯಾವ. ಮೊದಲ ಒಂದ ಕೊಂಬಿ, ಆಮ್ಯಾಲೆ ಇಡೀ ಗಿಡ.
*ಲೋಕಾಪುರ ಹತ್ತಿರದಿಂದ*

ಒಣಗಿದ ಕೊಂಬೆಯ ಬುಡವನ್ನು ಅಡ್ಡ ಕೊಯ್ದು ನೋಡಿ. ಕಟ್ಟಿಗೆಯಲ್ಲಿ ಬೂದು-ಕಂದು ಬಣ್ಣದ ಕಲೆ ಹರಡಿದ್ದರೆ ಸೆರಟೊಸಿಸ್ಟಿಸ್ ಸೊರಗು. ಈ ರೋಗ ಮೊದಲು ಕಂಡದ್ದೇ ನಮ್ಮ ವಿಜಯಪುರದ ಕಡೆ, 1990ರ ಸುಮಾರಿಗೆ. ಬೇರಿನಿಂದ ಬೇರಿಗೆ ಸಾಗುತ್ತದೆ. ಪೂರ್ತಿ ಒಣಗಿದ ಗಿಡವನ್ನು ಬೇರು ಸಮೇತ ಅಗೆದು ಸುಡಿ, ಎಳೆದುಕೊಂಡು ಹೋಗಬೇಡಿ. ಸುತ್ತಲಿನ ಗಿಡಗಳ ಬುಡಕ್ಕೆ ಪ್ರೊಪಿಕೊನಜೋಲ್ ಲೀಟರಿಗೆ 2 ಮಿ.ಲೀ. ಬೆರೆಸಿ ಸುರಿಯಿರಿ. ಬೇರಿನಲ್ಲಿ ಗಂಟು ಕಂಡರೆ ಜಂತುಹುಳು ಕೂಡ ಇದೆ, ಮಣ್ಣು-ಬೇರಿನ ಮಾದರಿ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಒಯ್ಯಿರಿ.

ದ್ರಾಕ್ಷಿಗೆ ದವಣಿ, ಭೂರಿ ಎರಡೂ ಬರ್ತಾವ. ಗಂಧಕ ಹೊಡದ್ರ ಎರಡಕ್ಕೂ ಆಗ್ತೈತೇನು? ಬೋರ್ಡೋ ಮಾಡೂದು ಹೆಂಗ?
*ಸಾವಳಗಿ ಭಾಗದ ದ್ರಾಕ್ಷಿ ಬೆಳೆಗಾರರು*

ಗಂಧಕ ಭೂರಿಗೆ, ಅಂದರೆ ಬೂದಿ ರೋಗಕ್ಕೆ ಮಾತ್ರ. ಬೂದಿ ಬೆರಳಿಗೆ ಒರೆಸಿದರೆ ಬರುತ್ತದೆ. ದವಣಿಯಲ್ಲಿ ಎಲೆಯ ಮೇಲೆ ಎಣ್ಣೆಕಲೆ, ಅದರ ನೇರ ಕೆಳಗೆ ಬಿಳಿ ಬೂಷ್ಟು. ಅದು ಅರಿಷಿಣದ ಪಿಥಿಯಂನ ಬಂಧು, ನೀರು ಬೇಕೇ ಬೇಕು. ಅಕ್ಟೋಬರ್ ಚಾಟ್ನಿಯ ನಂತರ ಅಕಾಲ ಮಳೆ ಹೊಡೆದರೆ ನಿಮಗೆ ನಿದ್ದೆ ಬರದಿರುವುದು ಇದರಿಂದಲೇ. ಗಂಧಕವನ್ನು ಸುಡುಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಬೋರ್ಡೋ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ದವಣಿಗೆ ತೋಟವೆಲ್ಲ ಎಲೆ ಉದುರಿಸಿದ ವರ್ಷ ಆ ಬದಿಯ ಬಳ್ಳಿಗಳು ಮಾತ್ರ ಹಸಿರಾಗಿದ್ದದ್ದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿದ. 1885ರಲ್ಲಿ ಆ ದ್ರಾವಣವನ್ನು ಜಗತ್ತಿಗೆ ತಿಳಿಸಿದ. ಮುಂದೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನೇ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ತಂದರು.

ಮಾಡುವ ರೀತಿ: ಶೇಕಡ 1ಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಇರಲಿ. ಮೈಲುತುತ್ತವನ್ನು 50 ಲೀಟರಿನಲ್ಲಿ, ಸುಣ್ಣ ಅರಳಿಸಿ ಸೋಸಿ ಇನ್ನೊಂದು 50 ಲೀಟರಿನಲ್ಲಿ ಕರಗಿಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣ ಧಾರೆಯಾಗಿ ಸುರಿಯುತ್ತ ಕಟ್ಟಿಗೆಯಿಂದ ತಿರುವಿ. ಆಕಾಶ ನೀಲಿ ಬರಬೇಕು. ಈಗ ಹೊಳೆಯುವ ಕುಡುಗೋಲನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕೂತಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಲೇಪ ಕೂರದಾಗುವವರೆಗೆ ಸುಣ್ಣದ ತಿಳಿ ಸೇರಿಸಿ. ಆ ದಿನವೇ ಖಾಲಿ ಮಾಡಿ, ನಾಳೆಗೆ ಅದು ಔಷಧವಲ್ಲ. ಹೂ ಬಿಟ್ಟಾಗ ತಾಮ್ರ ಬೇಡ.

ಹುಳಿ ಮಜ್ಜಿಗಿ ಹೊಡದ್ರ ಬೂದಿ ರೋಗ ಹೋಗ್ತೈತಿ ಅಂತಾರಲ್ರಿ?
*ಬನಹಟ್ಟಿಯ ಕೈತೋಟದ ಓದುಗರು*

ಪೂರ್ತಿ ಸುಳ್ಳಲ್ಲ. ಬ್ರೆಜಿಲ್‌ನಲ್ಲಿ ನೀರು ಬೆರೆಸಿದ ಹಸುವಿನ ಹಾಲು ಸಿಂಪಡಿಸಿ ಕುಂಬಳ ಜಾತಿಯ ಗಿಡದ ಬೂದಿ ರೋಗ ತಗ್ಗಿದ್ದನ್ನು 1999ರಲ್ಲೇ ಪ್ರಕಟಿಸಿದ್ದಾರೆ. ಹಿತ್ತಲ ಸೌತೆ, ಹೀರೆಗೆ ರೋಗದ ಶುರುವಿನಲ್ಲಿ ಮಾಡಿ ನೋಡಿ. ಎಕರೆಗಟ್ಟಲೆ ದ್ರಾಕ್ಷಿಯನ್ನು ಅದರ ಮೇಲೆ ಬಿಡಬೇಡಿ.

ಎರಿ ಹೊಲದ ಕಡ್ಲಿ ಸಿಡಿ ಹಾಯ್ತೈತಿ ಪ್ರತಿ ವರ್ಷ. ತೊಗರಿ ಗಿಡ ಹಸರ ಇದ್ರೂ ಹೂ ಬಿಡವಲ್ಲವು.
*ಒಣಬೇಸಾಯದ ರೈತರು, ಬೀಳಗಿ ತಾಲೂಕು*

ಸಿಡಿ ಹಾಯ್ದ, ಅಂದರೆ ಸೊರಗಿದ ಕಡಲೆಯ ಕಾಂಡ ಸೀಳಿದರೆ ನಡುವೆ ಕಪ್ಪು ಗೆರೆ ಕಾಣುತ್ತದೆ. ಅದರ ಶಿಲೀಂಧ್ರ ಕಡಲೆ ಇಲ್ಲದೆಯೂ ಮಣ್ಣಿನಲ್ಲಿ ಆರು ವರ್ಷದವರೆಗೆ ಬದುಕಬಲ್ಲದು. ಆದ್ದರಿಂದ ಒಂದು ವರ್ಷ ಜೋಳ ಹಾಕಿದರೆ ಹೋಗುವುದಿಲ್ಲ, ತಳಿ ಬದಲಿಸಬೇಕು. ಹಳೆಯ ಅಣ್ಣಿಗೇರಿ-1 ಬಿಡಲು ಮನಸ್ಸಿಲ್ಲದವರಿಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಸೇರಿ ಅದಕ್ಕೇ ಸಿಡಿ ನಿರೋಧಕ ಗುಣ ಕೂಡಿಸಿ ಮಾಡಿದ ಸೂಪರ್ ಅಣ್ಣಿಗೇರಿ-1 ಇದೆ. ಬಿತ್ತುವಾಗ ಕಿಲೋ ಬೀಜಕ್ಕೆ 10 ಗ್ರಾಂ ಟ್ರೈಕೋಡರ್ಮಾ ಲೇಪಿಸಿ, ನೆಲದ ಕಾವು ಇಳಿದ ಮೇಲೆ ಬಿತ್ತಿ.

ನಿಮ್ಮ ತೊಗರಿಗೆ ಬಂದದ್ದು ಗೊಡ್ಡು ರೋಗ. ಇದು ನಂಜಾಣುವಿನದು, ಕಣ್ಣಿಗೆ ಕಾಣದ ನುಸಿ ಹರಡುತ್ತದೆ. ಗೊಡ್ಡಾದ ಗಿಡ ಹಸಿರಾಗಿ ಚೆಂದ ಕಾಣುತ್ತದೆಂದು ಬಿಡಬೇಡಿ, ಕಿತ್ತೊಗೆಯಿರಿ. ಹೊಲದಲ್ಲಿ ತಾನೇ ಹುಟ್ಟಿದ ಹಳೆಯ ತೊಗರಿ ಗಿಡವೂ ಇರಬಾರದು. ಬಿಎಸ್‌ಎಂಆರ್-736 ತಳಿ ಇದನ್ನು ತಡೆಯುತ್ತದೆ.

ಶಿಲೀಂಧ್ರ, ದುಂಡಾಣು, ನಂಜಾಣು ಇವುಗಳಲ್ಲಿ ಯಾವುದು ಎಂದು ಮನೆಯಲ್ಲೇ ತಿಳಿಯಬಹುದೇ? ನಮ್ಮ ಅಪ್ಪ ಮೊಬೈಲಿನಲ್ಲಿ ಎಲೆಯ ಫೋಟೊ ತೆಗೆದು ಅಂಗಡಿಗೆ ಕಳಿಸುತ್ತಾರೆ.
*ಜಮಖಂಡಿಯ ಕಾಲೇಜು ವಿದ್ಯಾರ್ಥಿನಿ*

ಬಹಳ ಮಟ್ಟಿಗೆ ತಿಳಿಯಬಹುದಮ್ಮ. ಟೊಮೆಟೊ, ಬದನೆಯಂಥ ಗಿಡ ದಿಢೀರನೆ ಬಾಡಿದರೆ ಬುಡದ ಕಾಂಡದ ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮಾತ್ರ ಮುಳುಗುವಂತೆ ಹಿಡಿ. ಲೋಟ ಅಲುಗಬಾರದು. ಕೆಲವೇ ನಿಮಿಷದಲ್ಲಿ ತುದಿಯಿಂದ ಹಾಲಿನಂಥ ದಾರ ಕೆಳಕ್ಕಿಳಿದರೆ ದುಂಡಾಣು. ಚುಕ್ಕೆ ಬಿದ್ದ ಎಲೆಯನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಒಂದೆರಡು ದಿನ ಇಟ್ಟಾಗ ಚುಕ್ಕೆಯ ಮೇಲೆ ಬೂಷ್ಟು ಎದ್ದರೆ ಹೆಚ್ಚಾಗಿ ಶಿಲೀಂಧ್ರ. ಕೊಳೆತವಿಲ್ಲ, ವಾಸನೆಯಿಲ್ಲ, ಆದರೆ ಎಲೆ ಮುಟುರಿ, ಹಳದಿ-ಹಸಿರು ಚಿತ್ತಾರವಾಗಿ, ಗಿಡ ಗಿಡ್ಡಾಗಿದ್ದರೆ ನಂಜಾಣುವಿನ ಅನುಮಾನ. ಅಲ್ಲಿ ನಂಜಾಣುವಿಗೆ ಔಷಧವಿಲ್ಲ, ಅದನ್ನು ಹೊತ್ತು ತರುವ ಬಿಳಿನೊಣ, ಥ್ರಿಪ್ಸ್ ತಡೆಯುವುದಷ್ಟೇ ಉಳಿದ ದಾರಿ. ಇಡೀ ಹೊಲ ಒಂದೇ ಸಮನೆ ಕೆಟ್ಟಿದ್ದರೆ ರೋಗಕ್ಕಿಂತ ಮೊದಲು ಮಣ್ಣು, ನೀರು, ಕಳೆನಾಶಕ ಇವುಗಳನ್ನು ಅನುಮಾನಿಸು. ರೋಗ ಸಾಮಾನ್ಯವಾಗಿ ಒಂದು ಮೂಲೆಯಿಂದ ಶುರುವಾಗುತ್ತದೆ.

ಅಪ್ಪನಿಗೆ ಹೇಳು, ಎಲೆಯ ಫೋಟೊದಲ್ಲಿ ಬೇರು ಕಾಣುವುದಿಲ್ಲ. ಮಾದರಿಯನ್ನೇ ಒಯ್ಯಲಿ. ಪೂರ್ತಿ ಸತ್ತ ಗಿಡ ತಂದರೆ ಅದರಲ್ಲಿ ಸಿಗುವುದು ಕೊಳೆತ ಮೇಲೆ ಬಂದ ಜೀವಿಗಳು. ಅರ್ಧ ರೋಗ ಬಂದ ಗಿಡ, ಬೇರು, ಹಿಡಿ ಮಣ್ಣು, ಜೊತೆಗೆ ಒಂದು ಆರೋಗ್ಯದ ಗಿಡ ಬೇಕು. ಬೇರಿಗೆ ಮಣ್ಣು ಕಟ್ಟಿ, ಎಲೆಯನ್ನು ಹಳೆಯ ಪೇಪರಿನಲ್ಲಿ ಸುತ್ತಲಿ, ಪ್ಲಾಸ್ಟಿಕ್ಕಿನಲ್ಲಿ ತುಂಬಿದರೆ ದಾರಿಯಲ್ಲೇ ಕೊಳೆಯುತ್ತದೆ. ಚೀಟಿಯಲ್ಲಿ ತಳಿ, ಬಿತ್ತಿದ ದಿನ, ಹಿಂದಿನ ಬೆಳೆ, ಈವರೆಗೆ ಹೊಡೆದ ಔಷಧ ಬರೆದಿರಲಿ. ಹೋಬಳಿಯ ರೈತ ಸಂಪರ್ಕ ಕೇಂದ್ರ, ಬಾಗಲಕೋಟೆಯ ಕೃಷಿ ವಿಜ್ಞಾನ ಕೇಂದ್ರ, ತೋಟದ ಬೆಳೆಯಾದರೆ ತೋಟಗಾರಿಕೆ ವಿಶ್ವವಿದ್ಯಾಲಯ, ಈ ಮೂರೂ ಕಡೆ ಕೇಳಬಹುದು. ಹೋಗಲಾಗದವರು ಕಿಸಾನ್ ಕಾಲ್ ಸೆಂಟರ್‌ಗೆ 1800-180-1551 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮುಂದಿನ ಸಲ ಪತ್ರ ಬರೆಯುವವರು ಔಷಧದ ಹೆಸರು ಕೇಳುವ ಮೊದಲು ಬೀಜ ಎಲ್ಲಿಂದ ತಂದಿರಿ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಉತ್ತರ ಬೇಗ ಸಿಗುತ್ತದೆ.